ಬಣ್ಣದಕ್ಕನ ಹುರಿಯಾಳುಗಳು

ಬಣ್ಣದಕ್ಕನ ಲೆಕ್ಕ ತಪ್ಪಿತು ಎಂದರೆ ಸಿನಿಮಾ ಮಂದಿ ನಂಬುತ್ತಿರಲಿಲ್ಲ. ತೀರ್ಪುಗಾರರೇ ಎಲ್ಲೋ ಎಡವಿರಬೇಕು ಎನ್ನುತ್ತಿದ್ದರು. ಅವಳ ಮಾತಿಗೆ ಅಷ್ಟು ತೂಕವಿತ್ತು.

ಅವಳೇನೂ ಕ್ಯಾಮೆರಾ ಹಿಡಿದವಳಲ್ಲ. ಚಿತ್ರಗಳೆಲ್ಲ ಫಿಲಂ ಸುರುಳಿಯಲ್ಲಿ ಬರುತ್ತಿದ್ದ ಕಾಲದಲ್ಲಿ ಲ್ಯಾಬಿನಲ್ಲಿ ಬಣ್ಣ ತಿದ್ದುವ ಕೆಲಸಕ್ಕೆ ಸೇರಿದಳು. ಲ್ಯಾಬು ಬಾಗಿಲು ಹಾಕುವವರೆಗೂ ಅದನ್ನೇ ಮಾಡಿದಳು. ಒಂದೊಂದು ದೃಶ್ಯವನ್ನು ಪ್ರಿಂಟ್ ಹಾಕುವಾಗಲೂ ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಬೆಳಕು ಬಿಡಬೇಕೆಂದು ಗೊತ್ತುಮಾಡುವುದು ಅವಳ ಹೊಣೆ. ಹೆಸರು ಮಾಡಿದ ಛಾಯಾಗ್ರಾಹಕರು ಪಕ್ಕದ ಕುರ್ಚಿಯಲ್ಲಿ ಪರೀಕ್ಷೆಗೆ ಬಂದ ಮಕ್ಕಳ ಹಾಗೆ ಕೂರುತ್ತಿದ್ದರು. "ನಾಯಕಿಗೆ ಕಾಮಾಲೆ ಬಂದಿದೆಯೇನ್ರೀ? ಇರಿ, ಹಳದಿ ಇಳಿಸ್ತೀನಿ," ಎಂದು ಅವಳು ಹೇಳಿದರೆ ಯಾರೂ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಅವರಲ್ಲೊಬ್ಬರು ಅಕ್ಕರೆಯಿಂದ ಬಣ್ಣದಕ್ಕ ಎಂದು ಕರೆದದ್ದು ಹಾಗೇ ನಿಂತುಬಿಟ್ಟಿತು. ಕೊನೆಕೊನೆಗೆ ಅಂಚೆಯವನೂ ಗೇಟಿನ ಹೊರಗೆ ನಿಂತು ಹಾಗೇ ಕೂಗುತ್ತಿದ್ದ.

ಲ್ಯಾಬು ಮುಚ್ಚಿದ ಮೇಲೆ ಮನೆಯಲ್ಲಿ ನೊಣ ಹೊಡೆಯುತ್ತ ಕೂರುವುದು ಅವಳಿಂದಾಗಲಿಲ್ಲ. ಸಂಜೆಪತ್ರಿಕೆಯ ಸಂಪಾದಕನೊಬ್ಬ ಬಂದು ಅಂಕಣ ಬರೆಯುತ್ತೀರಾ ಎಂದು ಕೇಳಿದ. ಛಾಯಾಗ್ರಾಹಕರ ಸಂಘ ಪ್ರತಿವರ್ಷ ಅತ್ಯುತ್ತಮ ಕ್ಯಾಮೆರಾ ಕೆಲಸಕ್ಕೊಂದು ಪ್ರಶಸ್ತಿ ಕೊಡುತ್ತಿತ್ತು. ಅದಕ್ಕೆ ಮುಂಚೆ ಕೊನೆಯ ಸುತ್ತಿಗೆ ಬಂದ ಐದು ಚಿತ್ರಗಳ ಹೆಸರು ಹೊರಬೀಳುತ್ತಿತ್ತು. ಆ ಐದರಲ್ಲಿ ಯಾವುವು ಇರುತ್ತವೆ, ಗೆಲ್ಲುವುದು ಯಾವುದು ಎಂದು ಮೊದಲೇ ಹೇಳಬೇಕು. ಬಣ್ಣದಕ್ಕ ಹೇಳಿದಳು, ಮತ್ತೆ ಮತ್ತೆ ಹೇಳಿದಂತೆಯೇ ಆಯಿತು. 'ಈ ಸಲದ ಹುರಿಯಾಳುಗಳು' ಅಂಕಣ ಬಂದ ಸಂಜೆ ಚಿತ್ರೀಕರಣದ ಜಾಗಗಳಲ್ಲಿ ಊಟದ ಬಿಡುವು ಸ್ವಲ್ಪ ಉದ್ದವಾಗುತ್ತಿತ್ತಂತೆ.

ಈಚಿನ ಒಂದೆರಡು ವರ್ಷ ಲೆಕ್ಕ ಅಲ್ಲಲ್ಲಿ ಜಾರಿದ್ದು ನಿಜ. ಅದನ್ನು ಅವಳು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಕಣ್ಣಿನ ಬಗ್ಗೆಯಂತೂ ಅವಳಿಗೆ ಹೆಮ್ಮೆಯೋ ಹೆಮ್ಮೆ. ಓದಲು ಬೇಕಾಗಿದ್ದ ಕನ್ನಡಕವನ್ನು ಈಗ ಡ್ರಾಯರಿಗೆ ಎಸೆದಿದ್ದಳು. "ನಂಗೆ ವಯಸ್ಸು ಹಿಂದಕ್ಕೆ ಹೋಗ್ತಿದೆ ಕಣ್ರೀ," ಎಂದು ಗಂಡನೆದುರು ಪತ್ರಿಕೆ ಬಿಡಿಸಿ ಸಣ್ಣ ಅಕ್ಷರಗಳನ್ನು ಪಟಪಟನೆ ಓದಿ ತೋರಿಸುತ್ತಿದ್ದಳು. ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾಗಿದ್ದ ಯಜಮಾನರು ತಮ್ಮ ದಪ್ಪ ಕನ್ನಡಕದ ಮೇಲಿಂದ ನೋಡಿ, "ನಿನ್ನ ಪುಣ್ಯ," ಎನ್ನುತ್ತಿದ್ದರು.

ಆ ವರ್ಷ ತೆರೆಕಂಡವುಗಳಲ್ಲಿ ಎರಡು ಚಿತ್ರಗಳ ಬಗ್ಗೆ ಬಣ್ಣದಕ್ಕನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಒಂದು, ಆಸ್ಪತ್ರೆಯ ವಾರ್ಡೊಂದರಲ್ಲೇ ನಡೆಯುವ ಕತೆ. ಅದೇ ಗೆಲ್ಲುವುದೆಂದು ಅವಳು ಬರೆದಳು. "ಆಸ್ಪತ್ರೆ ಎಂದೊಡನೆ ಎಲ್ಲರೂ ಬಿಳುಚಿದ ಬೆಳಕಿಗೆ ಓಡುತ್ತಾರೆ. ಈ ಛಾಯಾಗ್ರಾಹಕ ಮಾತ್ರ ಇಡೀ ವಾರ್ಡನ್ನು ಜೇನಿನಲ್ಲಿ ಅದ್ದಿ ತೆಗೆದಿದ್ದಾನೆ. ರೋಗಿಗಳ ಹಾಸಿಗೆಯ ಮೇಲೆ ಆ ಹೊಂಬಣ್ಣ ಕಂಡು ನನ್ನ ಎದೆ ತುಂಬಿತು."

ಇನ್ನೊಂದು, ಹೊಳೆ ದಾಟಿಸುವ ದೋಣಿಯವಳೊಬ್ಬಳ ಕತೆ. ಅದಕ್ಕೆ ಕ್ಯಾಮೆರಾ ಹಿಡಿದವಳು ಗುಬ್ಬಿ, ಬಣ್ಣದಕ್ಕನ ಸ್ವಂತ ತಂಗಿಯ ಮಗಳು. ಚಿಕ್ಕವಳಿದ್ದಾಗ ಶಾಲೆ ಬಿಟ್ಟೊಡನೆ ಲ್ಯಾಬಿಗೆ ಬಂದು, ದೊಡ್ಡಮ್ಮನ ಪಕ್ಕ ಸ್ಟೂಲಿನ ಮೇಲೆ ಕೂತು, "ದೊಡ್ಡಮ್ಮ, ಆಕಾಶ ಯಾಕೆ ನೇರಳೆ ಮಾಡಿದ್ರಿ?" ಎಂದು ತಲೆ ತಿನ್ನುತ್ತಿದ್ದ ಹುಡುಗಿ. ಈಗ ಅವಳದೇ ಹೆಸರಿನಲ್ಲಿ ಮೊದಲ ದೊಡ್ಡ ಚಿತ್ರ. ನಮ್ಮವಳೆಂದು ಎತ್ತಿಹಿಡಿದರು ಎಂದು ಯಾರೂ ಬೆರಳು ತೋರಿಸಬಾರದೆಂದು ಬಣ್ಣದಕ್ಕ ಕೈ ತುಸು ಬಿಗಿಯಾಗಿಯೇ ಹಿಡಿದಳು. ಆದರೆ ನಿಜವಾಗಿಯೂ ಚಿತ್ರ ಅವಳಿಗೆ ಹಿಡಿಸಿರಲಿಲ್ಲ. ಪರದೆಯ ಮೇಲೆ ಅವಳು ಕಂಡದ್ದು ಬರೀ ಕೆಸರು. ಐದರೊಳಗೆ ಅದು ಬರುವುದೇ ಇಲ್ಲವೆಂದು ಬರೆದಳು. "ಮಬ್ಬನ್ನೇ ಕಲೆಯೆಂದು ನಂಬಿದ ಕೆಲಸ. ಹೊಳೆಯೂ ಅದೇ, ದಡವೂ ಅದೇ, ಮುಖವೂ ಅದೇ. ಎಲ್ಲವೂ ಒಂದೇ ಬಗ್ಗಡದ ನೀರಿನಲ್ಲಿ ಹಿಂಡಿ ಒಣಹಾಕಿದಂತಿದೆ. ಬೆಳಕು ಹಾಕಲು ಬಾರದವರು ಸಂಜೆಯ ಹೊತ್ತನ್ನು ನೆಪ ಮಾಡಿಕೊಳ್ಳಬಾರದು."

ಅಂಕಣ ಅಚ್ಚಾಯಿತು. ಗುಬ್ಬಿಯಿಂದ ಫೋನು ಬರಲಿಲ್ಲ. ತಂಗಿಯಿಂದ ಬಂತು.

"ಅಕ್ಕಾ, ಅವಳಿಗೆ ನೇರವಾಗಿ ಹೇಳಿದ್ರೆ ಆಗ್ತಿರ್ಲಿಲ್ವಾ? ಊರೆಲ್ಲ ಓದೋ ಹಾಗೆ ಬರೀಬೇಕಿತ್ತಾ?"

"ಬೇರೆಯವರ ಮಗಳಾಗಿದ್ರೂ ಇಷ್ಟೇ ಬರೀತಿದ್ದೆ ಕಣೇ. ನಮ್ಮವಳು ಅಂತ ಸುಳ್ಳು ಹೇಳ್ಲಾ?"

ತಂಗಿ ಫೋನಿಟ್ಟಳು. ಬಣ್ಣದ ಮಾತಿನಲ್ಲಿ ಅಕ್ಕನಿಗೆ ಎದುರಾಡುವ ರೂಢಿ ಆ ಮನೆತನದಲ್ಲಿ ಯಾರಿಗೂ ಇರಲಿಲ್ಲ.

ಕೊನೆಯ ಸುತ್ತಿನ ಹೆಸರುಗಳು ಹೊರಬಿದ್ದ ದಿನ ಬಣ್ಣದಕ್ಕ ಪತ್ರಿಕೆಯ ಕಚೇರಿಯಲ್ಲೇ ಇದ್ದಳು. ಸಂಪಾದಕ ಹೆಸರುಗಳನ್ನು ಗಟ್ಟಿಯಾಗಿ ಓದುತ್ತ ಹೋದ. ಗುಬ್ಬಿಯ ದೋಣಿ ಚಿತ್ರ ಎಲ್ಲಕ್ಕಿಂತ ಮೊದಲೇ ಬಂತು. ಅಲ್ಲಿಂದ ಕೊನೆಯವರೆಗೂ ಆಸ್ಪತ್ರೆ ಚಿತ್ರದ ಸುದ್ದಿಯೇ ಇಲ್ಲ.

"ಇನ್ನೊಂದ್ಸಲ ಓದು," ಎಂದಳು ಬಣ್ಣದಕ್ಕ.

ಅವನು ಓದಿದ. ಅವಳು ಅವನ ಕೈಯಿಂದ ಹಾಳೆ ಕಿತ್ತುಕೊಂಡು ತಾನೇ ನೋಡಿದಳು. ಸುತ್ತ ಕೂತವರು ತಲೆ ತಗ್ಗಿಸಿ ತಮ್ಮ ತಮ್ಮ ಕೀಲಿಮಣೆ ಕುಟ್ಟತೊಡಗಿದರು. ಕೆಳಗೆ ತೀರ್ಪುಗಾರರ ಒಂದು ಸಾಲಿನ ಟಿಪ್ಪಣಿಯೂ ಇತ್ತು: 'ದೋಣಿ ಚಿತ್ರದ ನೀಲಿ ಈ ವರ್ಷದ ಅಚ್ಚರಿ.'

"ನೀಲಿ? ಯಾವ ನೀಲಿ? ಆ ಚಿತ್ರದಲ್ಲಿ ನೀಲಿ ಎಲ್ಲಿದೆ?" ಅವಳ ದನಿ ಏರಿತು. "ಕಣ್ಣು ಹೋಗಿದೆಯಾ ಇವರಿಗೆಲ್ಲ?"

ಸಂಪಾದಕ ಕುಡಿಯಲು ನೀರು ತರಿಸಿದ. ಅವನೂ ಆ ಚಿತ್ರ ನೋಡಿದ್ದ. ಹೇಳುವ ಧೈರ್ಯ ಸಾಲಲಿಲ್ಲ.

ಮರುದಿನ ಮಧ್ಯಾಹ್ನ ಮನೆಗೆ ಬಂದವನು ಆಸ್ಪತ್ರೆ ಚಿತ್ರದ ಛಾಯಾಗ್ರಾಹಕ. ಹೆಸರು ಬಿಟ್ಟುಹೋಯಿತೆಂದು ಅವನಿಗೆ ಬೇಸರವಿದ್ದಂತೆ ಕಾಣಲಿಲ್ಲ. ಯಜಮಾನರು ಕೊಟ್ಟ ಚಹಾ ಹಿಡಿದುಕೊಂಡು ಸೋಫಾದ ತುದಿಯಲ್ಲಿ ಕೂತು ಬಹಳ ಹೊತ್ತು ಲೋಟವನ್ನೇ ತಿರುಗಿಸಿದ.

"ಅಮ್ಮಾ, ನೀವು ಬರ್ದಿದ್ದಕ್ಕೆ ಥ್ಯಾಂಕ್ಸ್ ಹೇಳೋಣ ಅಂತ ಅವತ್ತೇ ಬರೋನಿದ್ದೆ. ಆದ್ರೆ ಒಂದು ಮಾತು ತಲೇಲಿ ಕೊರೀತಾ ಇತ್ತು. ಆ ಜೇನು ಬಣ್ಣ ಅಂದ್ರಲ್ಲ, ಅದು ಯಾವ ದೃಶ್ಯದಲ್ಲಿ?"

"ಎಲ್ಲದರಲ್ಲೂ! ಇಡೀ ವಾರ್ಡೇ ಹೊಂಬಣ್ಣ ಇತ್ತಲ್ಲಪ್ಪ."

ಅವನು ಲೋಟ ಕೆಳಗಿಟ್ಟ. "ನಾನು ಇಡೀ ಚಿತ್ರ ಬಿಳೀ ಟ್ಯೂಬ್‌ಲೈಟಲ್ಲೇ ತೆಗ್ದಿದ್ದು. ಬೇರೆ ದೀಪಾನೇ ಹಚ್ಚಿಲ್ಲ. ಹಿಮದ ಹಾಗೆ ತಣ್ಣಗೆ ಕಾಣ್ಬೇಕು ಅಂತ ನಿರ್ದೇಶಕರು ಹಟ ಹಿಡಿದಿದ್ರು."

"ಹಾಗಾದ್ರೆ ಥಿಯೇಟರಿನವರು ಏನೋ ಎಡವಟ್ಟು ಮಾಡಿರ್ಬೇಕು."

"ನಾನೂ ಹಾಗೇ ಅಂದ್ಕೊಂಡೆ. ಆ ಥಿಯೇಟರಿಗೇ ಹೋಗಿ ನೋಡ್ಕೊಂಡು ಬಂದೆ. ಬೆಳ್ಳಗೇ ಇದೆ."

ಬಣ್ಣದಕ್ಕ ಗಂಡನ ಕಡೆ ತಿರುಗಿದಳು. ಅವರು ನೆಲ ನೋಡುತ್ತಿದ್ದರು. ಜೀವಮಾನವಿಡೀ ಜೊತೆಗಿದ್ದ ಮನುಷ್ಯ ನೆಲ ನೋಡಿದರೆ ಏನರ್ಥವೆಂದು ಅವಳಿಗೆ ಗೊತ್ತಿತ್ತು.

"ಏನ್ರೀ? ಏನು ಮುಚ್ಚಿಡ್ತಿದ್ದೀರಿ?"

ಯಜಮಾನರು ತಾವು ತೊಟ್ಟ ಅಂಗಿಯ ತುದಿ ಹಿಡಿದು ತೋರಿಸಿದರು. "ಈ ಅಂಗಿ ಯಾವ ಬಣ್ಣ ಹೇಳು."

"ಕಪ್ಪು."

"ನೀಲಿ ಕಣೇ. ಕಡು ನೀಲಿ. ಕಳೆದ ವರ್ಷ ಗೋಡೆಗೆ ಬಿಳಿ ಹೊಡೆಸಿದಾಗ, ಕೆನೆಬಣ್ಣ ಬಳಿದುಬಿಟ್ಟ ಅಂತ ಪೇಂಟರಿಗೆ ಬೈದೆಯಲ್ಲ, ಅದೂ ಬಿಳೀನೇ."

"ಮತ್ತೆ ಆವಾಗ್ಲೇ ಯಾಕೆ ಹೇಳ್ಲಿಲ್ಲ?"

"ಬಣ್ಣದ ವಿಷಯದಲ್ಲಿ ನಿನ್ನೆದುರು ನಾನು ಬಾಯಿ ಬಿಡೋದಾ? ನನ್ನ ಕಣ್ಣೇ ಸರಿಯಿಲ್ಲ ಅಂದ್ಕೊಂಡೆ."

ಬಣ್ಣದಕ್ಕ ಎದ್ದು ಹೋಗಿ ಅವರ ಅಂಗಿಯ ತೋಳು ಹಿಡಿದು ಕಿಟಕಿಯ ಬಳಿಗೆ ಎಳೆದುಕೊಂಡು ಹೋದಳು. ಬಿಸಿಲಿಗೆ ಹಿಡಿದು ನೋಡಿದಳು. ತಿರುಗಿಸಿ ನೋಡಿದಳು. ಅವಳ ಪಾಲಿಗೆ ಅದು ಕಪ್ಪೇ. ಬಂದಿದ್ದ ಛಾಯಾಗ್ರಾಹಕ ಯಾವಾಗ ಎದ್ದು ಹೋದನೋ ಅವಳಿಗೆ ತಿಳಿಯಲಿಲ್ಲ.

ಕಣ್ಣಿನ ಡಾಕ್ಟರಮ್ಮ ಬೆಳಕು ಬಿಟ್ಟು ನೋಡಿ, ಕುರ್ಚಿ ಹಿಂದಕ್ಕೆ ಸರಿಸಿದರು.

"ಎರಡೂ ಕಣ್ಣಲ್ಲಿ ಪೊರೆ ಬಂದಿದೆ. ಚೆನ್ನಾಗಿ ಬಲಿತು ಕಂದುಬಣ್ಣಕ್ಕೆ ತಿರುಗಿದೆ. ಅದರ ಮೂಲಕ ನೋಡಿದ್ರೆ ಬಿಳಿ ಹಳದಿಯಾಗುತ್ತೆ, ನೀಲಿ ಒಳಗೇ ಬರಲ್ಲ."

"ಆದ್ರೆ ನಂಗೆ ಚೆನ್ನಾಗೇ ಕಾಣುತ್ತಲ್ಲ ಡಾಕ್ಟ್ರೇ! ಕನ್ನಡಕ ಇಲ್ದೆ ಪೇಪರ್ ಓದ್ತೀನಿ."

"ಮೊದಲು ಕನ್ನಡಕ ಬೇಕಿತ್ತು, ಈಗ ಬೇಡ ಅನ್ನಿಸ್ತಾ?"

"ಹೌದು."

"ಅದೂ ಈ ಪೊರೆಯದೇ ಕೆಲಸ. ಅದು ಬಲೀತಾ ಹೋದ ಹಾಗೆ ಕೆಲವರಿಗೆ ಹತ್ತಿರದ್ದು ತಾನಾಗೇ ಕಾಣೋಕೆ ಶುರುವಾಗುತ್ತೆ. ಕಣ್ಣು ಚುರುಕಾಯ್ತು ಅಂತ ಖುಷಿಪಡ್ತಾರೆ."

ಬಣ್ಣದಕ್ಕ ಬೀಗಿ ಮೆರೆದದ್ದೇ ರೋಗವಾಗಿತ್ತು. ಕೊನೆಗೆ ಅವಳು ಕೇಳಿದ್ದು ಒಂದೇ ಪ್ರಶ್ನೆ. "ಇದು ಯಾವಾಗಿಂದ?"

"ಹೇಳೋಕಾಗಲ್ಲಮ್ಮ. ಚೂರುಚೂರೇ ಬರುತ್ತೆ. ಇವತ್ತಿಂದ ಅಂತ ಗೆರೆ ಎಳೆಯೋಕಾಗಲ್ಲ."

ಆ ಮಾತು ಅವಳನ್ನು ರೋಗದ ಹೆಸರಿಗಿಂತ ಹೆಚ್ಚು ಅಲ್ಲಾಡಿಸಿತು. ಬರುವಾಗ ಆಟೋದಲ್ಲಿ ಕೂತು ಹಳೆಯ ಚಿತ್ರಗಳನ್ನೆಲ್ಲ ನೆನೆದಳು. ಯಾವುದನ್ನು ಕಣ್ಣಿನಿಂದ ನೋಡಿದ್ದೆ, ಯಾವುದನ್ನು ಪೊರೆಯಿಂದ ನೋಡಿದ್ದೆ? ಲೆಕ್ಕ ತಪ್ಪಿದ ವರ್ಷಗಳಿರಲಿ, ಸರಿಯಾದ ವರ್ಷಗಳಲ್ಲೂ ತಾನು ನೋಡಿದ್ದು ಏನನ್ನು?

ಮೊದಲು ಬಲಗಣ್ಣಿಗೆ ಶಸ್ತ್ರಕ್ರಿಯೆ ಆಯಿತು. ಎಡಗಣ್ಣು ಕೆಲವು ವಾರ ತಡೆದು ಎಂದರು. ಮರುದಿನ ಬೆಳಿಗ್ಗೆ ಡಾಕ್ಟರಮ್ಮ ಪಟ್ಟಿ ಬಿಚ್ಚಿದಾಗ ಬಣ್ಣದಕ್ಕ ಮೊದಲು ಕಂಡದ್ದು ಮೂಲೆಯಲ್ಲಿದ್ದ ಒಂದು ಪ್ಲಾಸ್ಟಿಕ್ ಬಕೆಟ್ಟು. ನೆಲ ಒರೆಸುವ ಬಕೆಟ್ಟು, ಅಷ್ಟೆ. ಅವಳು ಹೌಹಾರಿ ಮಂಚದ ಕಂಬಿ ಹಿಡಿದುಕೊಂಡಳು. ಅಷ್ಟು ನೀಲಿ! ನೀಲಿಯೆಂಬುದು ಹಾಗೆ ಕೂಗಿ ಹೇಳುವ ಬಣ್ಣವೆಂದು ಅವಳಿಗೆ ಮರೆತೇ ಹೋಗಿತ್ತು. ಕಿಟಕಿಯಾಚೆಯ ಆಕಾಶವನ್ನು ನೋಡಿದವಳು ತಕ್ಷಣ ಮುಖ ತಿರುಗಿಸಿದಳು.

"ನೋವಾಗ್ತಿದೆಯಾ?" ಡಾಕ್ಟರಮ್ಮ ಕೇಳಿದರು.

"ಇಲ್ಲ," ಎಂದಳು. ಕೆನ್ನೆ ಮಾತ್ರ ಒದ್ದೆಯಾಗಿತ್ತು.

ಮನೆಯಲ್ಲಿ ಗೋಡೆಗಳು ಮುಖಕ್ಕೆ ರಾಚುವಷ್ಟು ಬೆಳ್ಳಗಿದ್ದವು. ಯಜಮಾನರ ಮುಖದಲ್ಲಿ ಅವಳೆಂದೂ ಕಾಣದ ಸುಕ್ಕುಗಳು, ಕಣ್ಣಡಿಯಲ್ಲಿ ಕಪ್ಪು. "ಇಷ್ಟು ಸೊರಗಿದ್ದೀರಾ? ಯಾವಾಗ?" ಎಂದು ಗಾಬರಿಯಾದಳು. "ನಾನು ಮೊದಲಿಂದಲೂ ಹೀಗೇ ಇದ್ದೀನಿ ಮಾರಾಯ್ತಿ. ನಿನ್ನ ಜೇನಿನ ಬೆಳಕಲ್ಲಿ ನಾನೂ ಚೆಂದ ಕಂಡಿರ್ಬೇಕು, ಅಷ್ಟೇ," ಎಂದರು ಅವರು. ಅವಳಿಗೆ ನಗು ಬಂತು. ಕನ್ನಡಿಯೆದುರು ಹೋದಾಗ ನಿಂತುಹೋಯಿತು.

ಡಾಕ್ಟರಮ್ಮ ಹೊರಗೆ ತಿರುಗಾಡಬಹುದು ಎಂದ ದಿನವೇ ಅವಳು ಗುಬ್ಬಿಯ ಚಿತ್ರಕ್ಕೆ ಹೋದಳು. ಮಧ್ಯಾಹ್ನದ ಆಟ, ಅರೆಬರೆ ಜನ. ದೋಣಿಯವಳು ಹುಟ್ಟು ನೀರಿಗಿಳಿಸಿದಳು. ಬಣ್ಣದಕ್ಕ ಎಡಗಣ್ಣು ಮುಚ್ಚಿದಳು.

ಹೊಳೆಯ ಮೈತುಂಬ ನೀಲಿಯಿತ್ತು, ಒಂದಲ್ಲ, ಹಲವು. ದಡದ ಹತ್ತಿರ ಹಸಿರಿಗೆ ವಾಲಿದ್ದು, ನಡುವಿನಲ್ಲಿ ಮಸಿಯಂತೆ ಗಟ್ಟಿಯಾದದ್ದು, ದೋಣಿಯವಳ ಕೊರಳ ಬೆವರಿನ ಮೇಲೆ ಬೆಳ್ಳಿಯಂತೆ ತೆಳುವಾದದ್ದು. ಮುಳುಗಿದ ಸೂರ್ಯನ ಉಳಿಕೆಯಲ್ಲಿ ಮುಖ ಇಷ್ಟಿಷ್ಟೇ ಆರುತ್ತ ಬರುವುದನ್ನು ಕ್ಯಾಮೆರಾ ತಾಳ್ಮೆಯಿಂದ ಕಾದು ಹಿಡಿದಿತ್ತು. ಈಗ ಅವಳು ಬಲಗಣ್ಣು ಮುಚ್ಚಿ ಎಡಗಣ್ಣು ತೆರೆದಳು. ಕೆಸರು. ಮತ್ತೆ ಬಲಗಣ್ಣು. ಹೊಳೆ. ಮತ್ತೆ ಎಡಗಣ್ಣು. ತಾನು ಬರೆದ ಅದೇ ಬಗ್ಗಡ, ಅಕ್ಷರ ತಪ್ಪದೆ. ಸುಳ್ಳು ಬರೆದಿರಲಿಲ್ಲ ಅವಳು. ಕಂಡದ್ದನ್ನೇ ಬರೆದಿದ್ದಳು. ಅದೇ ಅವಳನ್ನು ಕುರ್ಚಿಗೆ ಒತ್ತಿ ಕೂರಿಸಿತು.

ಪಕ್ಕದಲ್ಲಿದ್ದ ಹೆಂಗಸು ಬಗ್ಗಿ ಪಿಸುಗುಟ್ಟಿದಳು. "ಕಣ್ಣಿಗೆ ಏನಾದ್ರೂ ಬಿತ್ತಾ? ಆಗಿಂದ ಮುಚ್ಚಿ ತೆಗೆದು ಮಾಡ್ತಿದ್ದೀರಲ್ಲ."

"ಬಿದ್ದಿತ್ತು," ಎಂದಳು ಬಣ್ಣದಕ್ಕ. "ಈಗ ಒಂದು ಕಡೆ ತೆಗೆದಿದ್ದಾರೆ."

ಥಿಯೇಟರಿನಿಂದ ಸೀದಾ ಗುಬ್ಬಿ ಇದ್ದಲ್ಲಿಗೇ ಹೋದಳು. ಗುಬ್ಬಿಯ ಮುಂದಿನ ಚಿತ್ರದ ಚಿತ್ರೀಕರಣ ಹಳೆಯ ಗೋದಾಮೊಂದರಲ್ಲಿ ನಡೆಯುತ್ತಿತ್ತು. ಬಾಗಿಲು ದಾಟಿದ ಬಣ್ಣದಕ್ಕ ಅಲ್ಲೇ ನಿಂತುಬಿಟ್ಟಳು. ಒಳಗೆ ಉದ್ದಕ್ಕೂ ದೀಪಗಳು, ಪ್ರತಿಯೊಂದು ದೀಪದ ಮುಂದೂ ಕಿತ್ತಳೆ ಬಣ್ಣದ ಹಾಳೆ. ಇಡೀ ಗೋದಾಮು ಹಳದಿ ಕಾರಿಕೊಂಡಂತಿತ್ತು. ಎಡಗಣ್ಣು ಮುಚ್ಚಿ ನೋಡಿದಳು. ಇಲ್ಲ, ಇದು ಪೊರೆಯಲ್ಲ. ನಿಜವಾಗಿಯೂ ಹಳದಿಯೇ.

ಗುಬ್ಬಿ ಕೈಯೊರೆಸಿಕೊಂಡು ಬಂದಳು. ಮುಖದಲ್ಲಿ ನಗುವಿರಲಿಲ್ಲ, ಸಿಟ್ಟೂ ಇರಲಿಲ್ಲ. "ಬನ್ನಿ ದೊಡ್ಡಮ್ಮ. ಕಣ್ಣು ಹೇಗಿದೆ? ಆಪರೇಷನ್ ಆಯ್ತು ಅಂತಷ್ಟೇ ಅಮ್ಮ ಹೇಳಿದ್ಲು."

"ಇದೇನೇ ಇದು? ಇಷ್ಟು ದೀಪ? ಇಷ್ಟು ಹಳದಿ?"

"ನೀವೇ ಬರ್ದಿದ್ರಲ್ಲ, ಬೆಳಕು ಹಾಕೋಕೆ ಬರಲ್ಲ ಅಂತ. ಹಾಕ್ತಿದ್ದೀನಿ."

"ಅಯ್ಯೋ ಗುಬ್ಬಿ..."

"ಅವತ್ತು ಓದಿ ಇನ್ನೊಂದ್ಸಲ ಹೋಗಿ ನನ್ನ ಚಿತ್ರ ನೋಡ್ದೆ. ನಂಗೆ ನೀಲಿ ಕಾಣಿಸ್ತು. ಆದ್ರೆ ದೊಡ್ಡಮ್ಮ ಕೆಸರು ಅಂದಿದ್ದಾರೆ ಅಂದ್ರೆ ಕೆಸರೇ ಇರ್ಬೇಕು, ನಂಗೇ ನೋಡೋಕೆ ಬರ್ತಿಲ್ಲ ಅಂದ್ಕೊಂಡೆ. ಕೊನೇ ಸುತ್ತಿಗೆ ಬಂತಲ್ಲ, ಆವಾಗ್ಲೂ ಏನೋ ತಪ್ಪಾಗಿ ಬಂದಿದೆ ಅನ್ನಿಸ್ತು."

ಬಣ್ಣದಕ್ಕನಿಗೆ ಗರಬಡಿದಂತಾಯಿತು. ಬೈದಿದ್ದರೆ ಬೈಸಿಕೊಳ್ಳಲು ತಯಾರಾಗಿ ಬಂದಿದ್ದಳು. ತನ್ನ ಕಣ್ಣಿನ ಪೊರೆ ಈ ಹುಡುಗಿಯ ಕಣ್ಣಿಗೂ ಇಳಿದಿದೆಯೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಪಕ್ಕದಲ್ಲಿದ್ದ ಪೆಟ್ಟಿಗೆಯ ಮೇಲೆ ಕುಸಿದು ಕೂತಳು.

"ಎಷ್ಟು ತೆಗ್ದಿದ್ದೀಯ ಹೀಗೆ?"

"ಅರ್ಧ ಮುಗೀತು."

"ನಾನಿವತ್ತು ನೋಡ್ದೆ ಕಣೇ ನಿನ್ನ ಹೊಳೇನ. ಆ ಕೊರಳ ಮೇಲಿನ ಬೆಳಕು..." ಬಣ್ಣದಕ್ಕ ತನ್ನ ಕೊರಳನ್ನೇ ಮುಟ್ಟಿ ತೋರಿಸಿದಳು. "ನಂಗೆ ಕಾಣ್ತಿರ್ಲಿಲ್ಲ ಗುಬ್ಬಿ. ಕಾಣ್ತಿಲ್ಲ ಅಂತಾನೂ ಗೊತ್ತಿರ್ಲಿಲ್ಲ."

ದೂರದಲ್ಲಿ ಯಾರೋ ಏಣಿ ಎಳೆಯುತ್ತಿದ್ದರು. ಗುಬ್ಬಿ ದೊಡ್ಡಮ್ಮನ ಪಕ್ಕದಲ್ಲಿ ಕೂತು, "ನಂಗೆ ಕಾಣ್ತಿತ್ತಲ್ಲ, ನಾನ್ಯಾಕೆ ನಂಬ್ಲಿಲ್ಲ?" ಎಂದಳು. ಅದು ದೊಡ್ಡಮ್ಮನನ್ನು ಕೇಳಿದ ಪ್ರಶ್ನೆಯಾಗಿರಲಿಲ್ಲ.

ಆ ವಾರದ ಅಂಕಣದಲ್ಲಿ ಬಣ್ಣದಕ್ಕ ತನ್ನ ಕಣ್ಣಿನ ಕತೆಯನ್ನೆಲ್ಲ ನೇರವಾಗಿ ಬರೆದಳು. ಈ ಹಿಂದಿನ ಎಷ್ಟು ಅಂಕಣಗಳಿಗೆ ಇದು ಅನ್ವಯಿಸುತ್ತದೆಂದು ತನಗೇ ತಿಳಿಯದೆಂದೂ ಬರೆದಳು. ಕೆಲವರು ಮರುಗಿದರು, ಕೆಲವರು ಆಡಿಕೊಂಡು ನಕ್ಕರು. ಕೊನೆಯಲ್ಲಿ, ಒಂದು ಕಣ್ಣಿನ ಆಣೆಗೂ ಈ ಸಲ ಗೆಲ್ಲುವುದು ದೋಣಿ ಚಿತ್ರವೇ ಎಂದು ಸೇರಿಸಿದ್ದಳು.

ಪ್ರಶಸ್ತಿಯ ಸಮಾರಂಭಕ್ಕೆ ಗುಬ್ಬಿಯೇ ಬಂದು ದೊಡ್ಡಮ್ಮ, ಯಜಮಾನರು ಇಬ್ಬರನ್ನೂ ಕರೆದುಕೊಂಡು ಹೋದಳು. ವೇದಿಕೆಯ ಮೇಲೆ ಲಕೋಟೆ ಒಡೆದರು. ಗೆದ್ದದ್ದು ಯಾರ ಬಾಯಲ್ಲೂ ಇರದ ಒಂದು ಕಪ್ಪು-ಬಿಳುಪು ಚಿತ್ರ. ಅದಕ್ಕೆ ಕ್ಯಾಮೆರಾ ಹಿಡಿದ ಮುದುಕನಿಗೂ ನಂಬಿಕೆ ಬರದೆ, ಪಕ್ಕದವರು ಎಬ್ಬಿಸಿ ತಳ್ಳಬೇಕಾಯಿತು.

"ಬಣ್ಣಾನೇ ಇಲ್ಲ ಅದರಲ್ಲಿ!" ಬಣ್ಣದಕ್ಕ ದಂಗಾಗಿ ಗಂಡನ ಕೈ ಹಿಡಿದಳು.

"ಕಣ್ಣು ಸರಿಯಾದ್ಮೇಲೂ ತಪ್ತಲ್ಲ ದೊಡ್ಡಮ್ಮ," ಎಂದು ಗುಬ್ಬಿ ಕಿವಿಯಲ್ಲಿ ಹೇಳಿದಳು. ಅಷ್ಟು ತಿಂಗಳಲ್ಲಿ ಮೊದಲ ಸಲ ಅವಳು ಬಾಯಿತುಂಬ ನಕ್ಕಿದ್ದಳು.

ಗೋದಾಮಿನ ಚಿತ್ರದಲ್ಲಿ ಆಗಲೇ ತೆಗೆದ ಅರ್ಧವನ್ನು ಮತ್ತೆ ತೆಗೆಯಲು ನಿರ್ಮಾಪಕ ಒಪ್ಪಲಿಲ್ಲ. ಉಳಿದರ್ಧವನ್ನು ಗುಬ್ಬಿ ತನಗೆ ಕಂಡಂತೆ ತೆಗೆದಳು. ನಡುವೆ ಬೆಳಕು ಇದ್ದಕ್ಕಿದ್ದಂತೆ ಬದಲಾಗುವುದನ್ನು ಕೆಲವರು ದಡ್ಡತನವೆಂದರು, ಕೆಲವರು ಧೈರ್ಯವೆಂದರು. ನಿಜ ಗೊತ್ತಿದ್ದ ಇಬ್ಬರೂ ಬಾಯಿ ಬಿಡಲಿಲ್ಲ.

ಎಡಗಣ್ಣಿನ ಪೊರೆಯನ್ನೂ ತೆಗೆಸಿಕೊಂಡ ಬಣ್ಣದಕ್ಕ ಅಂಕಣ ನಿಲ್ಲಿಸಲಿಲ್ಲ. ಆದರೆ ಸಿನಿಮಾಕ್ಕೆ ಹೋದಾಗ ಒಂದು ಹೊಸ ಚಾಳಿ ಅಂಟಿಕೊಂಡಿತು. ಬಿಡುವಿನಲ್ಲಿ ದೀಪ ಹೊತ್ತಿದೊಡನೆ ಪಕ್ಕದಲ್ಲಿ ಯಾರೇ ಕೂತಿರಲಿ, ಗುರುತಿರಲಿ ಬಿಡಲಿ, ಅವರ ಕಡೆ ಬಗ್ಗಿ ಕೇಳುತ್ತಿದ್ದಳು: "ತಪ್ಪು ತಿಳ್ಕೋಬೇಡಿ. ಆ ಹುಡುಗಿ ಬಾಗಿಲಲ್ಲಿ ನಿಂತಿದ್ಲಲ್ಲ, ಆ ಗೋಡೆ ನಿಮಗೆ ಯಾವ ಬಣ್ಣ ಕಾಣಿಸ್ತು?"